ಉಳಿದ ಇನ್ನೂರ ಐವತ್ತೆರಡು

ಡಬ್ಬಿ ಅಕ್ಕ ಅಂತ ಅವಳಿಗೆ ಹೆಸರಿಟ್ಟವಳು ನಾನೇ. ನನ್ನ ಬಾಯಿಗೆ ಬೀಗ ಇಲ್ಲ ಅನ್ನುವುದು ಆಫೀಸಿನಲ್ಲಿ ಹಳೆಯ ದೂರು. ಅವಳ ಮೇಜಿನ ಮೇಲೆ ಗೋಡೆಗೆ ಒತ್ತಿಕೊಂಡು ಏಳು ತಗಡಿನ ಡಬ್ಬಿಗಳು, ಒಂದೊಂದಕ್ಕೂ ದುಂಡು ಅಕ್ಷರದ ಚೀಟಿ. ಗುಂಡುಸೂಜಿ, ತಿರುಪು, ಗುಂಡಿ, ದಾರ, ಮಾತ್ರೆ, ರಬ್ಬರ್ ಬ್ಯಾಂಡ್. ಕೊನೆಯದರ ಮೇಲೆ ‘ಇತರೆ’. ಜಗತ್ತಿನಲ್ಲಿ ಯಾವುದಕ್ಕೆ ಜಾಗವಿಲ್ಲವೋ ಅದು ಆ ಡಬ್ಬಿಗೆ ಬೀಳುತ್ತಿತ್ತು. ಒಮ್ಮೆ ಅದರಲ್ಲಿ ಯಾರದೋ ಹಾಲುಹಲ್ಲು ಸಿಕ್ಕಿತು. “ಇದ್ಯಾರದ್ದಕ್ಕ?” ಅಂತ ಕೇಳಿದರೆ, “ಗೊತ್ತಿಲ್ಲ ಕಣೆ, ಬಿಸಾಕೋಕೆ ಮನಸ್ಸು ಬರಲಿಲ್ಲ” ಅಂದಳು.

ನಮ್ಮದು ಲಿಫ್ಟುಗಳನ್ನು ನಡೆಸುವ ಪೆಟ್ಟಿಗೆ ತಯಾರಿಸುವ ಕಂಪನಿ. ಲಿಫ್ಟಿನ ಮೇಲೆ, ಯಂತ್ರದ ಕೋಣೆಯಲ್ಲಿ, ಒಂದು ಬೂದು ಪೆಟ್ಟಿಗೆ ಇರುತ್ತದೆ. ಯಾವ ಮಹಡಿಗೆ ಹೋಗಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವುದು ಅದು. ಅದರೊಳಗಿನ ಪ್ರೋಗ್ರಾಮ್ ಬರೆಯುವವಳು ಡಬ್ಬಿ ಅಕ್ಕ. ಅವಳು ಕಟ್ಟಿದ್ದನ್ನು ಕೆಡವಿ ನೋಡುವುದು ನನ್ನ ಕೆಲಸ. ಹನ್ನೆರಡು ವರ್ಷ ಜಗಳವಾಡುತ್ತಲೇ ಜೊತೆಗಿದ್ದೆವು. ಅವಳಿಗೆ ಗಂಡ ಮಕ್ಕಳಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ. ಯಾರ ತಂಟೆಗೂ ಹೋದವಳಲ್ಲ. ಅವಳ ಕತೆ ಹೇಳಬೇಕೆಂದರೆ ಒಂದು ಅಂಕಿಯಿಂದ ಶುರುಮಾಡಬೇಕು.

ಲಿಫ್ಟಿನ ಬಾಗಿಲಿಗೆ ಬಾಯಿಲ್ಲ. ಬಾಗಿಲ ಪಕ್ಕ ಒಂದು ಪುಟ್ಟ ಬೋರ್ಡ್ ಇರುತ್ತದೆ, ಅದು ಸೆಕೆಂಡಿಗೊಮ್ಮೆ ಪೆಟ್ಟಿಗೆಗೆ ಒಂದು ಅಂಕಿ ಕಳಿಸುತ್ತದೆ. ಸೊನ್ನೆ ಬಂದರೆ ಮುಚ್ಚಿದೆ. ಒಂದು, ತೆರೆಯುತ್ತಿದೆ. ಎರಡು, ತೆರೆದಿದೆ. ಮೂರು, ಮುಚ್ಚುತ್ತಿದೆ. ಅಂಕಿಯನ್ನು ನೋಡಿಕೊಂಡು ಪ್ರೋಗ್ರಾಮ್ ಬರೆದರೆ ಎರಡು ಯಾವುದು ಮೂರು ಯಾವುದು ಎಂದು ತಲೆ ಕೆಡುತ್ತದೆ. ಅದಕ್ಕೇ ಮೊದಲು ಹೆಸರುಗಳ ಒಂದು ಪಟ್ಟಿ ಮಾಡಿ, ಬಂದ ಅಂಕಿಯನ್ನು ಪ್ರೋಗ್ರಾಮಿನ ಹೊಸ್ತಿಲಲ್ಲೇ ಹೆಸರಾಗಿ ಬದಲಾಯಿಸಿ ಒಳಗೆ ಬಿಡುತ್ತಾರೆ. ಅಕ್ಕ ಬರೆಯುತ್ತಿದ್ದ ಭಾಷೆ ಭಾರಿ ಕಟ್ಟುನಿಟ್ಟು. ಹೆಸರನ್ನು ಅಂಕಿ ಮಾಡು ಎಂದರೆ ತಕ್ಷಣ ಮಾಡುತ್ತದೆ. ಅಂಕಿಯನ್ನು ಹೆಸರು ಮಾಡು ಎಂದರೆ ಮಾತ್ರ ಸುಮ್ಮನೆ ಮಾಡುವುದಿಲ್ಲ. ಬೋರ್ಡಿನಿಂದ ಬರಬಹುದಾದ ಅಂಕಿಗಳು ಒಟ್ಟು ಇನ್ನೂರ ಐವತ್ತಾರು. ನಾಲ್ಕಕ್ಕೆ ಹೆಸರು ಹೇಳಿದಿರಿ, ಉಳಿದ ಇನ್ನೂರ ಐವತ್ತೆರಡು ಬಂದರೆ ಏನು ಮಾಡಲಿ ಎಂದು ಕೇಳುತ್ತದೆ. ಉತ್ತರ ಕೊಡುವವರೆಗೂ ಹಟ ಹಿಡಿದು ಕೂರುತ್ತದೆ. ಆದರೆ ಉತ್ತರ ಕೊಟ್ಟರೆ ಸಾಕು. ಆ ಉತ್ತರ ಸರಿಯೋ ತಪ್ಪೋ ಎಂದು ಅದು ಕೇಳುವುದಿಲ್ಲ.

ಮೊದಮೊದಲು ಅಕ್ಕ ಸರಿಯಾಗಿಯೇ ಬರೆದಿದ್ದಳು. ಗೊತ್ತಿಲ್ಲದ ಅಂಕಿ ಬಂದರೆ ಲಿಫ್ಟ್ ನಿಲ್ಲಲಿ. ಆದರೆ ಆಗಿನ ಬಾಗಿಲ ಬೋರ್ಡುಗಳು ಕಳಪೆ. ಕರೆಂಟು ಹೋಗಿ ಬಂದಾಗಲೆಲ್ಲ ಬಾಯಿಗೆ ಬಂದ ಅಂಕಿ ಉಗುಳುತ್ತಿದ್ದವು, ಲಿಫ್ಟು ಎರಡು ಮಹಡಿಯ ನಡುವೆ ನಿಂತುಬಿಡುತ್ತಿತ್ತು. ಒಳಗೆ ಸಿಕ್ಕವರು ಬೊಬ್ಬೆ ಹೊಡೆಯುತ್ತಿದ್ದರು, ಹೊರಗಿನವರು ಮ್ಯಾನೇಜರಿಗೆ ಫೋನು ಮಾಡಿ ಜನ್ಮ ಜಾಲಾಡುತ್ತಿದ್ದರು. ಒಂದು ದಿನ ಮ್ಯಾನೇಜರ್ ಬಂದು, “ಏನಮ್ಮಾ, ಆಕಾಶ ತಲೆ ಮೇಲೆ ಬಿದ್ದೋರ ಹಾಗೆ ನಿಂತ್ಕೊಳ್ಳುತ್ತಲ್ಲ ನಿಮ್ಮ ಲಿಫ್ಟು? ಕಸ ಬಂದ್ರೆ ಕಸ ಅಂತ ಬಿಟ್ಟು ಮುಂದೆ ಹೋಗೋಕೆ ಹೇಳಿ” ಎಂದರು. ಅಕ್ಕ ಒಂದು ಸಾಲು ತಿದ್ದಿದಳು. ಆ ಭಾಷೆಯಲ್ಲಿ ‘ಉಳಿದದ್ದೆಲ್ಲ’ ಎನ್ನುವುದಕ್ಕೆ ಒಂದು ಪುಟ್ಟ ಅಡಿಗೆರೆ ಎಳೆದರೆ ಮುಗಿಯಿತು. ಅಡಿಗೆರೆ, ಬಾಣ, ‘ಮುಚ್ಚಿದೆ’. ಉಳಿದ ಇನ್ನೂರ ಐವತ್ತೆರಡರಲ್ಲಿ ಯಾವುದು ಬಂದರೂ ಬಾಗಿಲು ಮುಚ್ಚಿದೆ ಎಂದೇ ತಿಳಿ. ದೂರುಗಳು ನಿಂತವು. ನಾವು ಆ ಸಾಲನ್ನು ಮರೆತೆವು.

ನಮ್ಮ ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕನಿಗೆ ಮೀಸೆಯಣ್ಣ ಎಂದು ಹೆಸರು. ಮೀಸೆ ಅಷ್ಟೇನೂ ದೊಡ್ಡದಲ್ಲ, ಅದನ್ನು ತಿರುವುವ ಠೀವಿ ದೊಡ್ಡದು. ಬೋರ್ಡ್ ಒಯ್ಯಲು ಬಂದಾಗಲೆಲ್ಲ ಅಕ್ಕನ ಮೇಜಿಗೆ ಒರಗಿ ನಿಲ್ಲುತ್ತಿದ್ದ. “ಅಕ್ಕಾವ್ರೇ, ನಿಮ್ಮ ಪೆಟ್ಟಿಗೆ ಥೇಟ್ ನನ್ನ ಹೆಂಡ್ತಿ. ನಾನು ಹೇಳೋದು ಕೇಳಿಸ್ಕೊಳ್ಳುತ್ತೆ, ಮಾಡೋದು ತನಗೆ ಬೇಕಾದ್ದೇ” ಎನ್ನುತ್ತಿದ್ದ. ಅವನ ಸೊಂಟದಲ್ಲಿ ಒಂದು ಕೀಲಿ ಯಾವಾಗಲೂ ತೂಗುತ್ತಿತ್ತು, ತುದಿಯಲ್ಲಿ ಮೂರು ಮೂಲೆಯ ತೂತು ಇರುವಂಥದು. ಹೊರಗಿನಿಂದ ಲಿಫ್ಟಿನ ಬಾಗಿಲು ತೆಗೆಯಲು ಬೇರೆ ದಾರಿಯಿಲ್ಲ. ಕೀಲಿ ತಿರುಗಿಸಿದರೆ ಬೀಗ ಟಕ್ ಎನ್ನುತ್ತದೆ, ಬಾಗಿಲು ತೆರೆದಿದ್ದರೆ ಲಿಫ್ಟನ್ನು ತಡೆಯುವ ತಂತಿಯ ಕಾವಲು ನಮ್ಮ ಲಿಫ್ಟುಗಳಲ್ಲಿ ಆ ಹೊತ್ತಿಗೆ ಕೆಲಸ ಬಿಡುತ್ತದೆ. ಆಮೇಲೆ ಲಿಫ್ಟ್ ಹೊರಡದಂತೆ ನೋಡಿಕೊಳ್ಳಬೇಕಾದ್ದು ನಮ್ಮ ಪೆಟ್ಟಿಗೆಯೇ.

ಅವನದು ಒಂದೇ ಬೇಡಿಕೆ. “ನಾನು ಕೀಲಿ ಹಾಕಿ ತೆಗ್ದಾಗ, ಬಾಗಿಲಲ್ಲಿ ನಾನಿದ್ದೀನಿ ಅಂತ ಅದಕ್ಕೆ ಗೊತ್ತಾಗ್ಬೇಕು ಅಕ್ಕಾವ್ರೇ. ಬೇರೇನೂ ಬೇಡ.” ಬಾಗಿಲ ಬೋರ್ಡ್ ಮಾಡುವವರು ಕೊನೆಗೂ ಕೇಳಿಸಿಕೊಂಡರು. ಹೊಸ ಬೋರ್ಡಿನಲ್ಲಿ ಒಂದು ಅಂಕಿ ಸೇರಿಸಿದರು. ನಾಲ್ಕು: ಕೀಲಿಯಿಂದ ತೆರೆದಿದೆ. ಅದನ್ನು ತಿಳಿಸುವ ಒಂದು ಹಾಳೆಯ ಪ್ರಕಟಣೆ ನಮ್ಮ ಆಫೀಸಿಗೂ ಬಂತು. ಅಕ್ಕ ಆ ವಾರ ತಾಯಿಯ ತಿಥಿಯೆಂದು ರಜೆಯಲ್ಲಿದ್ದಳು. ಹಾಳೆಯನ್ನು ಫೈಲಿಗೆ ಸೇರಿಸಿದವಳು ನಾನು. ಹೊಸ ಬೋರ್ಡನ್ನು ಪರೀಕ್ಷೆ ಮಾಡಿದವಳೂ ನಾನೇ. ನನ್ನ ಪರೀಕ್ಷೆಯ ಪಟ್ಟಿಯಲ್ಲಿ ನಾಲ್ಕು ಸಾಲಿದ್ದವು: ಸೊನ್ನೆ, ಒಂದು, ಎರಡು, ಮೂರು. ನಾಲ್ಕಕ್ಕೂ ಹಸಿರು ಗುರುತು ಬಿತ್ತು. ಪ್ರೋಗ್ರಾಮ್ ಕೂಡ ತಕರಾರು ಮಾಡಲಿಲ್ಲ. ಹೇಗೆ ಮಾಡೀತು? ಉಳಿದದ್ದಕ್ಕೆಲ್ಲ ಉತ್ತರ ಆಗಲೇ ಇತ್ತಲ್ಲ.

ಮೀಸೆಯಣ್ಣ ಹೊಸ ಬೋರ್ಡುಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತ, “ಇನ್ಮೇಲೆ ನಿಶ್ಚಿಂತೆ” ಎಂದ. ಹನ್ನೆರಡು ದಿನದ ಮೇಲೆ ಅವನು ಸತ್ತ.

ಅದೊಂದು ಎಂಟು ಮಹಡಿಯ ಮನೆಗಳ ಕಟ್ಟಡ. ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿತ್ತು. ಅವನು ಕೀಲಿ ಹಾಕಿ ಬಾಗಿಲು ತೆಗೆದು, ಉಪಕರಣದ ಚೀಲವನ್ನು ಲಿಫ್ಟಿನೊಳಗಿಟ್ಟು, ಟಾರ್ಚನ್ನೂ ಹೊತ್ತಿಸಿ ಅದರ ಮೇಲಿಟ್ಟ. ನೆಲದ ಮೇಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಳ್ಳಲು ಈಚೆ ತಿರುಗಿ ಬಗ್ಗಿದ. ಅಷ್ಟರಲ್ಲಿ ಏಳನೇ ಮಹಡಿಯ ಮುದುಕರೊಬ್ಬರು ಗುಂಡಿ ಒತ್ತಿದರು. ಬಾಗಿಲು ತೆರೆದೇ ಇತ್ತು, ಲಿಫ್ಟ್ ಮೇಲೆ ಹೋಯಿತು. ಅವನು ಎದ್ದವನೇ ಹಿಂದೆಮುಂದೆ ನೋಡದೆ ಒಳಗೆ ಹೆಜ್ಜೆ ಇಟ್ಟ. ಯಾಕೆ ನೋಡಬೇಕು? ತಾನು ಬಾಗಿಲಲ್ಲಿರುವುದು ಅದಕ್ಕೆ ಗೊತ್ತಿದೆ ಎಂದೇ ಅವನ ನಂಬಿಕೆ. ಏಳನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಒಳಗೆ ಯಾರೂ ಇರಲಿಲ್ಲವಂತೆ, ಒಂದು ಚೀಲ, ಅದರ ಮೇಲೆ ಉರಿಯುತ್ತಿರುವ ಟಾರ್ಚು ಅಷ್ಟೇ. ಮುದುಕರಿಗೆ ಯಾಕೋ ಒಳಗೆ ಕಾಲಿಡಲು ಮನಸ್ಸಾಗಲಿಲ್ಲವಂತೆ, ಮೆಟ್ಟಿಲಲ್ಲೇ ಇಳಿದರಂತೆ.

ಲಿಫ್ಟು ತಪಾಸಣೆಯ ಕಚೇರಿಯವರು ಎರಡು ದಿನದಲ್ಲಿ ವರದಿ ಕೊಟ್ಟರು. ಕಾರಣ: ಕೆಲಸಗಾರನ ಅಜಾಗರೂಕತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ಸತ್ತವನು ಎದ್ದು ಬಂದು ವಾದ ಮಾಡುತ್ತಾನೆಯೇ?

ಆ ಲಿಫ್ಟಿನ ಪೆಟ್ಟಿಗೆ ನಮ್ಮಲ್ಲಿಗೆ ಬಂತು. ಪೆಟ್ಟಿಗೆಯೊಳಗೆ ಒಂದು ದಾಖಲೆ ತಾನಾಗಿ ಬರೆದುಕೊಳ್ಳುತ್ತಿರುತ್ತದೆ: ಎಡಗಡೆ ಬಂದ ಅಂಕಿ, ಬಲಗಡೆ ಅದಕ್ಕೆ ಕೊಟ್ಟ ಹೆಸರು. ಅಕ್ಕ ಅದನ್ನು ಪರದೆಯ ಮೇಲೆ ತೆರೆದಳು. ನಾನು ಅವಳ ಕುರ್ಚಿಯ ಹಿಂದೆ ನಿಂತಿದ್ದೆ. ಹನ್ನೊಂದು ಹತ್ತಕ್ಕೆ ಬಂದೆವು.

ನಾಲ್ಕು, ಮುಚ್ಚಿದೆ. ನಾಲ್ಕು, ಮುಚ್ಚಿದೆ. ನಾಲ್ಕು, ಮುಚ್ಚಿದೆ.

ಲಿಫ್ಟ್ ಹೊರಡುವವರೆಗೆ ನಲವತ್ತೊಂದು ಸಾಲು. ಸೆಕೆಂಡಿಗೊಂದರಂತೆ ನಲವತ್ತೊಂದು ಸಲ ಆ ಮನುಷ್ಯ ‘ನಾನಿಲ್ಲಿದ್ದೀನಿ’ ಎಂದಿದ್ದಾನೆ. ನಲವತ್ತೊಂದು ಸಲವೂ ನಾವು ಬಾಗಿಲು ಮುಚ್ಚಿದೆ ಎಂದು ಬರೆದುಕೊಂಡಿದ್ದೇವೆ. ಅಕ್ಕ ಬೆರಳಿಟ್ಟು ಒಂದೊಂದೇ ಸಾಲು ಎಣಿಸಿದಳು, ಮತ್ತೆ ಮೊದಲಿನಿಂದ ಎಣಿಸಿದಳು. “ಇದು ನನ್ನ ಸಾಲು ಕಣೆ” ಎಂದಳು. ನನ್ನದೂ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬೀಗವಿಲ್ಲದ ಬಾಯಿ ಅವತ್ತು ಬಿದ್ದುಹೋಗಿತ್ತು.

ಮ್ಯಾನೇಜರ್ ನೋಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯ ಮನುಷ್ಯ. “ನಾಲ್ಕನ್ನ ಪಟ್ಟಿಗೆ ಸೇರ್ಸಿ, ಎಲ್ಲಾ ಪೆಟ್ಟಿಗೆಗೂ ಹೊಸದು ಹಾಕಿ. ಹಳೇದು ಕೆದಕ್ಬೇಡಿ. ವರದಿ ಆಗ್ಲೇ ಬಂದಾಗಿದೆ” ಎಂದು ಬಾಗಿಲೆಳೆದುಕೊಂಡು ಹೋದರು.

ಅಕ್ಕ ಆ ಭಾಗವನ್ನೆಲ್ಲ ಕಿತ್ತು ಹೊಸದಾಗಿ ಬರೆದಳು. ಈಗ ಅಂಕಿ ಬಂದರೆ ಎರಡೇ ದಾರಿ. ಒಂದೋ ಪಟ್ಟಿಯಲ್ಲಿರುವ ಹೆಸರು, ಇಲ್ಲವೋ ‘ಇದು ನನಗೆ ಗೊತ್ತಿಲ್ಲ’ ಎಂಬ ನಿರಾಕರಣೆ. ನಿರಾಕರಣೆ ಬಂದರೆ ಲಿಫ್ಟ್ ಇದ್ದಲ್ಲೇ ನಿಂತು ಗಂಟೆ ಬಾರಿಸಬೇಕು. ನಾನು ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ ಒಂದನ್ನೂ ಬಿಡದೆ ಕಳಿಸಿ ನೋಡಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಲ್ಕನ್ನು ಕಳಿಸಿದಾಗ ಪರದೆಯ ಮೇಲೆ ಅಕ್ಕ ಇಟ್ಟ ಹೆಸರು ಬಂತು: ‘ಬಾಗಿಲಲ್ಲಿ ಮನುಷ್ಯ’. ಅದನ್ನು ನೋಡಿ ನಾನು ಎದ್ದು ಬಚ್ಚಲಿಗೆ ಹೋಗಿ ಅತ್ತೆ.

ನಲವತ್ತು ಲಿಫ್ಟುಗಳು ಸರಿಯಾದವು. ಅಕ್ಕ ಸರಿಹೋಗಲಿಲ್ಲ. ನಮ್ಮ ಆಫೀಸು ಐದನೇ ಮಹಡಿ, ಅವಳು ಲಿಫ್ಟು ಹತ್ತುವುದನ್ನೇ ಬಿಟ್ಟಳು. ಒಂದು ದಿನ ಬೆಳಿಗ್ಗೆ ತಡವಾಯಿತಲ್ಲ ಎಂದು ಹುಡುಕುತ್ತ ಮೆಟ್ಟಿಲಿಳಿದೆ. ಮೂರನೇ ಮಹಡಿಯಲ್ಲಿ, ಮುಚ್ಚಿದ ಲಿಫ್ಟಿನ ಬಾಗಿಲೆದುರು ನಿಂತು ತುಟಿಯಲ್ಲೇ ಎಣಿಸುತ್ತಿದ್ದಳು. ಮೂವತ್ತೆಂಟು, ಮೂವತ್ತೊಂಬತ್ತು. ನಲವತ್ತೊಂದಾದ ಮೇಲೆ ಉಸಿರು ಬಿಟ್ಟು ನನ್ನ ಕಡೆ ತಿರುಗಿದಳು.

“ದಿನಾ ಹೀಗೇ ನಿಲ್ತೀಯಾ ಅಕ್ಕ?”

“ಒಳಗಿಂದ ಟಕ್ ಅನ್ನುತ್ತೆ ಕಣೆ. ಅವ್ರು ಬಂದಿದ್ದಾರೇನೋ ಅನ್ನಿಸುತ್ತೆ. ಹಾಗೇ ಬಿಟ್ಟು ಹೋಗೋಕಾಗುತ್ತಾ?”

“ನಿನ್ನ ತಲೆ. ಗಾಳಿಗೆ ಅಲ್ಲಾಡುತ್ತೆ ಅದು” ಎಂದು ಗದರಿಸಿ ಕೈ ಹಿಡಿದು ಎಳೆದುಕೊಂಡು ಬಂದೆ. ನಾಲ್ಕು ಮೆಟ್ಟಿಲು ಹತ್ತಿರಬಹುದು, ನಮ್ಮ ಬೆನ್ನ ಹಿಂದೆ ಟಕ್ ಎಂದಿತು. ಇಬ್ಬರೂ ತಿರುಗಿ ನೋಡಲಿಲ್ಲ. ಅವತ್ತಿನಿಂದ ನಾನೂ ಮೆಟ್ಟಿಲು ಹತ್ತುವಾಗ ಮೂರನೇ ಮಹಡಿಯನ್ನು ಓಡಿ ದಾಟುತ್ತೇನೆ.

ಮೀಸೆಯಣ್ಣನ ಚೀಲ ಆಫೀಸಿಗೆ ಬಂದು ಬಿದ್ದಿತ್ತು. ಅದನ್ನು ಅವನ ಮನೆಗೆ ಮುಟ್ಟಿಸಲು ಅಕ್ಕ ಹೋದಳು, ಜೊತೆಗೆ ನಾನು. ಒಂದೇ ಕೋಣೆ, ಆಚೆಗೆ ಅಡುಗೆಯ ಜಾಗ. ಬಾಗಿಲ ಪಕ್ಕದ ಮೊಳೆಗೆ ಅವನ ಕೀಲಿ ತೂಗುಹಾಕಿತ್ತು. ಅವನ ಹೆಂಡತಿ ತೆಳ್ಳಗಿನ ಹೆಂಗಸು, ಹೊಲಿಗೆ ಕೆಲಸ ಮಾಡುವವಳು. ಟೀ ಕೊಟ್ಟು ಎದುರು ಕೂತಳು.

“ಅಜಾಗರೂಕತೆ ಅಂತ ಬರ್ದವ್ರೆ ಅಮ್ಮ. ಸ್ನಾನಕ್ಕೆ ಹೋದ್ರೂ ಚಿಲಕ ಎರಡು ಸಲ ನೋಡೋ ಮನುಷ್ಯ. ಮಗಳಿಗೆ ಹದಿನೆಂಟು ವರ್ಷ ಆದ್ರೂ ರಸ್ತೆ ದಾಟೋವಾಗ ಕೈ ಬಿಡ್ತಿರಲಿಲ್ಲ. ಈಗ ಅವ್ರಣ್ಣನೇ ಬಂದು, ‘ಸ್ವಲ್ಪ ನೋಡ್ಕೊಂಡು ಕೆಲ್ಸ ಮಾಡಿದ್ರೆ ಇರ್ತಿದ್ದ’ ಅಂದು ಹೋದ್ರು. ಹೋದೋರು ಹೋದ್ರು. ಆ ಒಂದು ಮಾತು ಮಾತ್ರ ಅಳಿಸ್ಬೇಕು. ನಂಗೆ ಇನ್ನೇನೂ ಬೇಡ.”

ಅಕ್ಕ ಲೋಟ ಕೆಳಗಿಟ್ಟಳು. ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕಾದೆ. “ನಾನು ಪ್ರಯತ್ನ ಮಾಡ್ತೀನಮ್ಮ” ಎಂದಷ್ಟೇ ಹೇಳಿ ಎದ್ದಳು. ಮತ್ತೆ ಎರಡು ಸಲ ನನ್ನನ್ನೂ ಕರೆದುಕೊಂಡು ಹೋದಳು, ಎರಡು ಸಲವೂ ಟೀ ಕುಡಿದು, ಹೇಳಲಾರದೆ ವಾಪಸಾದಳು. ದಾರಿಯಲ್ಲಿ ನಾನು ಕೆಂಡಾಮಂಡಲವಾಗಿ ಬೈದೆ. ನನ್ನ ಪಾಲು ನಾನೂ ಹೇಳಿರಲಿಲ್ಲ, ಆದರೂ ಬೈದೆ.

ಕೊನೆಗೆ ಅವಳು ಹೋದದ್ದು ತಪಾಸಣೆಯ ಕಚೇರಿಗೆ. ನಲವತ್ತೊಂದು ಸಾಲಿನ ಹಾಳೆ, ತಾನು ಬರೆದ ಅಡಿಗೆರೆಯ ಸಾಲು, ಬೋರ್ಡಿನವರ ಪ್ರಕಟಣೆ, ಎಲ್ಲ ಜೋಡಿಸಿ ಒಂದು ಅರ್ಜಿ. ಅಪಘಾತ ನನ್ನ ತಪ್ಪಿನಿಂದ ಆಯಿತು ಎಂದು ಸಹಿ ಹಾಕಿದ್ದಳು. ನಾನೂ ಒಂದು ಹಾಳೆ ಬರೆದು ಸೇರಿಸಿದೆ. ಅದನ್ನು ಬರೆಯಲು ನನಗೆ ಒಂದು ವಾರ ಹಿಡಿಯಿತು.

ಗುಮಾಸ್ತ ಕನ್ನಡಕ ಏರಿಸಿ ಓದಿದ. ಕೆಟ್ಟವನಲ್ಲ, ದಣಿದವನು. ಪರದೆಯ ಮೇಲೆ ಪಟ್ಟಿ ತೆರೆದ. “ಒಂದು, ಪ್ರಯಾಣಿಕರ ತಪ್ಪು. ಎರಡು, ಕೆಲಸಗಾರನ ಅಜಾಗರೂಕತೆ. ಮೂರು, ಬಿಡಿಭಾಗ ಮುರಿದದ್ದು. ನಾಲ್ಕು, ವಿದ್ಯುತ್ ವ್ಯತ್ಯಯ. ನೀವು ಹೇಳೋದಕ್ಕೆ ನಮ್ಮಲ್ಲಿ ಅಂಕಿನೇ ಇಲ್ಲವಲ್ಲಮ್ಮ. ಐದು ಹಾಕ್ಲಾ? ಇತರೆ.”

ಅಕ್ಕ ಅರ್ಜಿಯ ಮೇಲೆ ಕೈಯಿಟ್ಟಳು. “ಬೇಡ” ಎಂದಳು.

“ಎರಡಂತೂ ಹೋಗುತ್ತಲ್ಲಮ್ಮ, ನಿಮಗೆ ಬೇಕಾಗಿದ್ದೂ ಅದೇ ತಾನೇ?”

“ಇತರೆ ಅಂದ್ರೆ ಯಾರಿಗೂ ಗೊತ್ತಾಗಲ್ಲ. ಆ ಮನೆಯವ್ರಿಗೂ ಗೊತ್ತಾಗಲ್ಲ, ನಾಳೆ ಪ್ರೋಗ್ರಾಮ್ ಬರೆಯೋರಿಗೂ ಗೊತ್ತಾಗಲ್ಲ. ನಾನೂ ಹಾಗೇ ಬರೆದು ಒಬ್ಬರನ್ನ ಕೊಂದೆ.”

“ಪಟ್ಟೀಲಿ ಇಲ್ಲದ್ದು ಹಾಕಿದ್ರೆ ಕಂಪ್ಯೂಟರ್ ತಗೊಳ್ಳಲ್ಲ. ಅಲ್ಲೇ ನಿಂತುಬಿಡುತ್ತೆ.”

“ನಿಲ್ಲಲಿ ಸಾರ್. ನಿಲ್ಲೋದೇ ಸರಿ.”

ಗುಮಾಸ್ತ ನನ್ನ ಮುಖ ನೋಡಿದ. ಇವಳ ತಲೆ ನೆಟ್ಟಗಿದೆಯೇ ಎಂದು ಕೇಳುವಂತಿತ್ತು. ಅಕ್ಕ ಹೋಗಿ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು. ಮರುದಿನವೂ ಬಂದು ಕೂತಳು. ಒಂಬತ್ತು ಕೆಲಸದ ದಿನ ಕೂತಳು. ನಾಲ್ಕನೇ ದಿನ ಮ್ಯಾನೇಜರ್ ರಾಜೀನಾಮೆ ಬರೆಸಿಕೊಂಡರು, ಸಹಿ ಹಾಕಿ ಕೊಟ್ಟು ಮತ್ತೆ ಬೆಂಚಿಗೆ ಬಂದಳು. ಗುಮಾಸ್ತ ಮೊದಲು ಸಿಡುಕಿದ, ಆಮೇಲೆ ಫ್ಯಾನು ಅವಳ ಕಡೆ ತಿರುಗಿಸಿದ, ಒಂಬತ್ತನೆಯ ದಿನ ಅರ್ಜಿ ಹಿಡಿದು ಮುಖ್ಯ ನಿರೀಕ್ಷಕರ ಕೋಣೆಗೆ ತಾನೇ ಹೋದ. ಅವರು ನಲವತ್ತೊಂದು ಸಾಲನ್ನೂ ಓದಿದರಂತೆ. ವರದಿ ತಿದ್ದಿ ಹೊಸದು ಬರೆಸಿದರು. ಅಂಕಿಯ ಜಾಗ ಖಾಲಿ ಬಿಟ್ಟು, ಕೆಳಗೆ ಕೈಯಲ್ಲೇ ಬರೆದರು: ಮೃತರಿಂದ ಯಾವ ತಪ್ಪೂ ಆಗಿಲ್ಲ, ತಪ್ಪು ಪ್ರೋಗ್ರಾಮ್ ಬರೆದವರದು ಮತ್ತು ಪರೀಕ್ಷಿಸಿದವರದು. ಮುಂದೆ ಇಬ್ಬರ ಹೆಸರು.

ಆ ಕಾಗದ ಹಿಡಿದು ನಾವು ನಾಲ್ಕನೇ ಸಲ ಆ ಮನೆಗೆ ಹೋದೆವು. ಹೆಂಗಸು ಮೊದಲು ಟೀ ಇಟ್ಟಳು, ಆಮೇಲೆ ಕೈ ಒರೆಸಿಕೊಂಡು ಬಂದು ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. ‘ಯಾವ ತಪ್ಪೂ ಆಗಿಲ್ಲ’ ಎನ್ನುವಲ್ಲಿ ಬೆರಳು ನಿಂತಿತು. ಸೆರಗು ಬಾಯಿಗೊತ್ತಿಕೊಂಡು ತುಂಬ ಹೊತ್ತು ಅತ್ತಳು. ಕಣ್ಣೊರೆಸಿಕೊಂಡು ಮುಂದೆ ಓದಿದಳು.

“ಇದ್ಯಾರಮ್ಮ, ಈ ಹೆಸ್ರು?”

“ನಾನು” ಎಂದಳು ಅಕ್ಕ.

“ಈ ಎರಡನೇದು?”

“ನಾನಮ್ಮ” ಎಂದೆ.

ಅವಳು ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೊನೆಗೆ ಟೀ ಲೋಟಗಳನ್ನು ನೋಡಿದಳು.

“ಮೂರು ಸಲ ಬಂದು ನನ್ನ ಕೈಯ ಟೀ ಕುಡಿದ್ರಲ್ಲ. ಒಂದು ಸಲನಾದ್ರೂ ಹೇಳ್ಬಹುದಿತ್ತು.”

“ಹೇಳ್ಬೇಕಿತ್ತು. ಧೈರ್ಯ ಬರಲಿಲ್ಲ.”

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಲೋಟಗಳನ್ನು ತೆಗೆದುಕೊಂಡು ಹೋಗಿ ಮೋರಿಗೆ ಸುರಿದು ಬಂದಳು. ಬಾಗಿಲ ಪಕ್ಕದ ಮೊಳೆಯಿಂದ ಕೀಲಿ ತೆಗೆದು ಅಕ್ಕನ ಕೈಗಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

“ಬೆಳಿಗ್ಗೆ ಎಂಟು ಗಂಟೆ ಆಯ್ತು ಅಂದ್ರೆ ನಮ್ಮನೆಯವ್ರು ಈ ಮೊಳೆ ಹತ್ರ ಬಂದು ನಿಲ್ತಾರೆ. ಕೆಲ್ಸಕ್ಕೆ ಹೊರಡೋ ಹೊತ್ತು. ಕೀಲಿ ಅಲ್ಲಾಡುತ್ತೆ, ನಂಗೆ ಗೊತ್ತಾಗುತ್ತೆ. ನಂಗೆ ಸಾಕಾಗಿದೆ. ಇನ್ಮೇಲೆ ನಿಮ್ಮನೇಲಿ ಹುಡುಕ್ಲಿ.”

ಅಕ್ಕ ಕೀಲಿ ಎದೆಗೊತ್ತಿಕೊಂಡು ಮನೆಗೆ ತಂದಳು. ಬಾಗಿಲ ಪಕ್ಕ ಮೊಳೆ ಹೊಡೆದು ತೂಗುಹಾಕಿದಳು. ಮೇಜಿನ ಡಬ್ಬಿಗಳೆಲ್ಲ ಈಗ ಅವಳ ಮನೆಯಲ್ಲಿವೆ. ಕೊನೆಯದರ ಚೀಟಿ ಕಿತ್ತು ಅದರಲ್ಲಿದ್ದುದನ್ನೆಲ್ಲ ಹೊರಗೆ ಹರವಿ ಒಂದೊಂದಕ್ಕೂ ಹೆಸರು ಬರೆದಿಟ್ಟಿದ್ದಾಳೆ, ಹಾಲುಹಲ್ಲಿಗೂ. ಮೆಕ್ಯಾನಿಕ್ಕುಗಳಿಗೆ ಕಲಿಸುವ ಒಂದು ಸಣ್ಣ ಶಾಲೆಯಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಪೆಟ್ಟಿಗೆಗೆ ಗೊತ್ತಿದೆ ಎಂದು ನಂಬಬೇಡಿ, ಕಣ್ಣಿಂದ ನೋಡಿ ಕಾಲಿಡಿ ಎಂದು ಮೊದಲ ದಿನವೇ ಹೇಳುತ್ತಾಳಂತೆ.

ಹೋದ ವಾರ ಬೆಳಿಗ್ಗೆ ಅವಳ ಮನೆಗೆ ಹೋಗಿದ್ದೆ. ಎಂಟಕ್ಕೆ ಐದು ನಿಮಿಷವಿತ್ತು. ಅಕ್ಕ ಎದ್ದು ಹೋಗಿ ಮುಂಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದಳು. “ಯಾಕಕ್ಕ, ಚಳಿ” ಎಂದೆ.

“ಇರಲಿ ಬಿಡೆ. ಅವ್ರು ಬರೋ ಹೊತ್ತಿಗೆ ಮುಚ್ಚಿರಬಾರದು.”

ಇಬ್ಬರೂ ಕೂತು ನಲವತ್ತೊಂದರವರೆಗೆ ಎಣಿಸಿದೆವು.